ಬಾರಾತ್‌ಘರ್‌ನಲ್ಲಿ ಮಾವನವರ ಚಳಿಗಾಲ

ಹೋದ ತಿಂಗಳು ನಮ್ಮ ಸೆಕ್ಷನ್ನಿನ ಗುಪ್ತಾ ಅವರ ಮಗನ ಮದುವೆಗೆ ಹೋಗಿದ್ದೆ. ನಮ್ಮಲ್ಲಿ ಛತ್ರ ಅನ್ನುತ್ತೇವಲ್ಲ, ಅದಕ್ಕೆ ಇಲ್ಲಿ ಬಾರಾತ್‌ಘರ್ ಎಂದು ಹೆಸರು. ಊರಿನ ಆಡಳಿತವೇ ಕಟ್ಟಿಸಿ ಮದುವೆಗಳಿಗೆ ಬಾಡಿಗೆ ಕೊಡುವ ಹಾಲ್. ಬಾಗಿಲಲ್ಲಿ ಚೆಂಡುಹೂವಿನ ಮಾಲೆಗಳ ವಾಸನೆ, ಪಕ್ಕದಲ್ಲಿ ಜನರೇಟರಿನ ಡೀಸೆಲ್ ಹೊಗೆ. ಅಷ್ಟೇ ಆಗಿದ್ದರೆ ಅದು ದೆಹಲಿ ಸುತ್ತಮುತ್ತಲಿನ ಯಾವ ಮದುವೆ ಬೇಕಾದರೂ ಆಗಬಹುದಿತ್ತು. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತ ಅಜ್ಜಿಯೊಬ್ಬರು ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. ಮೂರು ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನಗೆ ನಗು ಉಕ್ಕಿ ಬಂತು. ಏನಾಯಿತು ಎಂದು ಗುಪ್ತಾ ಅವರ ಹೆಂಡತಿ ಕೇಳಿದರು. ಏನಂತ ಹೇಳುವುದು? ನಮ್ಮ ಮಾವನವರು ಇಂಥದ್ದೇ ಒಂದು ಹಾಲ್‌ನಲ್ಲಿ, ಮದುಮಗನ ಸಿಂಹಾಸನದ ಮೇಲೆ ಕೂತು ಇಡೀ ಚಳಿಗಾಲ ಕಳೆದರು ಎಂದರೆ ಯಾರು ನಂಬುತ್ತಾರೆ?

ಮಾವನವರ ಹೆಸರು ನರಸಿಂಹಮೂರ್ತಿ. ತುಮಕೂರಿನ ಕಡೆಯವರು. ಮೀಸೆ ಚಿಗುರುವ ವಯಸ್ಸಿಗೆ ದೆಹಲಿಗೆ ಬಂದು, ಒಂದು ಕೇಂದ್ರ ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ, ಅಂಡರ್ ಸೆಕ್ರೆಟರಿಯಾಗಿ ನಿವೃತ್ತರಾದವರು. ನಿವೃತ್ತಿ ಅನ್ನುವುದು ಅವರ ಪಾಲಿಗೆ ಸಂಬಳಕ್ಕೆ ಸಂಬಂಧಿಸಿದ ವಿಷಯ, ಅಷ್ಟೇ. ಸ್ವಭಾವಕ್ಕೆ ಅದು ಅನ್ವಯಿಸಲಿಲ್ಲ. ತಂದ ಬದನೆಕಾಯಿಯಲ್ಲಿ ಹುಳ ಕಂಡರೆ "ಇದಕ್ಕೆ ಯಾರು ಜವಾಬ್ದಾರಿ?" ಎಂದು ಕೇಳುತ್ತಿದ್ದರು. ಮನೆಯಲ್ಲಿದ್ದವಳು ನಾನೊಬ್ಬಳೇ ಆದ್ದರಿಂದ ತನಿಖೆ ಬೇಗ ಮುಗಿಯುತ್ತಿತ್ತು.

ಆ ವರ್ಷ ದಸರಾ ಕಳೆದ ಮೇಲೆ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಬಂತು. ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನ ಗಂಡನಿಗೆ ಒಡಿಶಾದ ವಿದ್ಯುತ್ ಸ್ಥಾವರದಲ್ಲಿ ಪೋಸ್ಟಿಂಗು, ಮಗಳು ಅದಿತಿ ಪುಣೆಯ ಹಾಸ್ಟೆಲಿನಲ್ಲಿ. ನಮ್ಮ ಫ್ಲ್ಯಾಟ್ ಇರುವುದು ಘಾಜಿಯಾಬಾದ್ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬೇಡ, ಮುಂದೆ ಬರುವ ತ್ಯಾಗಿಜಿ ಇನ್ನೂ ಸರ್ವಿಸಿನಲ್ಲಿದ್ದಾರೆ. ಬೆಳಗ್ಗೆ ಅಲ್ಲಿಂದ ಆಟೋ, ಆಮೇಲೆ ಮೆಟ್ರೋ ಹಿಡಿದು ನಾನು ದೆಹಲಿಯ ಆಫೀಸು ಸೇರಿದರೆ ಮತ್ತೆ ಮನೆ ಕಾಣುವುದು ಕತ್ತಲಾದ ಮೇಲೆ. ಹಗಲೆಲ್ಲ ಮಾವನವರು ಒಬ್ಬರೇ. ಒಂದು ದಿನ ಹಾಲನ್ನು ಒಲೆಯ ಮೇಲಿಟ್ಟು ನಿದ್ದೆಹೋದರು. ಪಾತ್ರೆ ಕರಕಲಾಗಿ, ಹೊಗೆ ಕಂಡ ಪಕ್ಕದ ಮನೆಯವರು ಬಾಗಿಲು ಒಡೆಯುವಷ್ಟು ಬಡಿದ ಮೇಲೆ ಎದ್ದರು.

ನೋಡಿಕೊಳ್ಳಲು ಜನರನ್ನು ಇಡಲಿಲ್ಲವೇ ಎಂದರೆ, ಇಟ್ಟೆವು. ಏಜೆನ್ಸಿಯಿಂದ ಬಂದ ಮೊದಲನೆಯವನಿಗೆ ಮಾವನವರು ಜಾಯ್ನಿಂಗ್ ರಿಪೋರ್ಟ್ ಬರೆದುಕೊಡು ಎಂದರು. ಅವನು ಹೆದರಿ ಮಧ್ಯಾಹ್ನವೇ ಹೋದ. ಎರಡನೆಯವನು ಫೋನಿನಲ್ಲಿ ರೀಲ್ಸ್ ನೋಡುತ್ತಾ ಕೂರುವ ಪೈಕಿ. ಅವನಿಗೆ ಎರಡು ಸಲ ಮೌಖಿಕ ಎಚ್ಚರಿಕೆ ಕೊಟ್ಟು, ಮೂರನೆಯ ಸಲ ವಿವರಣೆ ಕೇಳಿದರು. ಅವನೂ ಹೋದ. ಮೂರನೆಯವಳು ಒಳ್ಳೆಯ ಹೆಂಗಸು, ಆದರೆ ಹೆಂಗಸು ಬಂದು ಸ್ನಾನಕ್ಕೆ ನೀರು ತೋಡುವುದನ್ನು ಮಾವನವರು ಒಪ್ಪಲಿಲ್ಲ.

ಸರ್ಕಾರಿ ನೌಕರಿಯಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಹೆಂಗಸರಿಗೆ ಧಾರಾಳ ರಜೆ ಇದೆ. ಮಾವನನ್ನು ನೋಡಿಕೊಳ್ಳಲು ಅಂಥದ್ದಿಲ್ಲ. ಮಗಳು ಸಣ್ಣವಳಿದ್ದಾಗ ಆ ರಜೆಯನ್ನು ಜಿಪುಣತನದಿಂದ ಉಳಿಸಿದ್ದಕ್ಕೆ ಈಗ ಹೊಟ್ಟೆ ಉರಿಯಿತು. ಇದ್ದಬದ್ದ ರಜೆಯೆಲ್ಲ ಕರಗುತ್ತಾ ಬಂತು. ಉಳಿದದ್ದು ಒಂದೇ ದಾರಿ, ಸ್ವಯಂ ನಿವೃತ್ತಿ. ನಮ್ಮ ಮನೆ ಹೇಗೂ ನಡೆಯುತ್ತಿತ್ತು, ಆದರೆ ನನಗೆ ನನ್ನ ಕೆಲಸ ಇಷ್ಟ. ಕಿಟಕಿ ಪಕ್ಕದ ಆ ಮೇಜು, ಹನ್ನೊಂದು ಗಂಟೆಯ ಚಹಾ, "ಸುಧಾ ಮೇಡಂ, ಈ ಫೈಲು ನೀವೇ ನೋಡಿಬಿಡಿ" ಎಂದು ಬರುವ ಹುಡುಗಿಯರು, ಇವೆಲ್ಲ ನಾನೇ ಗಳಿಸಿದ ಆಸ್ತಿ. ಅದನ್ನು ಬಿಟ್ಟು ಮನೆಯಲ್ಲಿ ಕೂತರೆ ಇನ್ನೊಂದು ವರ್ಷಕ್ಕೆ ನನಗೇ ವಾಕರ್ ಬೇಕಾಗುತ್ತದೆ ಅನ್ನಿಸುತ್ತಿತ್ತು. ಆದರೂ ಯಾರೊಂದಿಗೂ ಹಾಗೆ ಹೇಳಲು ನಾಚಿಕೆ.

ಅಂಥ ಹೊತ್ತಿಗೆ ತ್ಯಾಗಿಜಿ ಕಾಣಿಸಿಕೊಂಡರು. ಅವರು ನಮ್ಮ ಊರಿನ ಆಡಳಿತ ಕಚೇರಿಯವರು. ವೃದ್ಧರ ಆರೈಕೆ ಇನ್ನು ಮನೆಯವರ ಪಾಡಿಗೆ ಬಿಟ್ಟ ವಿಷಯವಲ್ಲ, ಊರಿನ ಆಡಳಿತವೂ ಹೊಣೆ ಹೊರಬೇಕು ಎಂದು ಮೇಲಿನಿಂದ ಸುಧಾರಣೆಗಳು ಬರಲಿವೆಯಂತೆ. ಅದಕ್ಕೆ ಊರು ಎಷ್ಟು ಸಿದ್ಧವಾಗಿದೆ ಎಂದು ನೋಡಲು ಚಳಿಗಾಲದ ಕೊನೆಗೆ ಲಖನೌದಿಂದ ತಂಡ ಬರುತ್ತದಂತೆ. ಅಷ್ಟರಲ್ಲಿ ಪ್ರಯೋಗಕ್ಕೆಂದು ಹಗಲು ಹೊತ್ತು ಮುದುಕರನ್ನು ನೋಡಿಕೊಳ್ಳುವ ಒಂದು ಕೇಂದ್ರ ನಡೆಸಬೇಕು. ತಂಡ ಒಪ್ಪಿದರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ತ್ಯಾಗಿಜಿಗೆ ಇದರ ಉಸ್ತುವಾರಿ. ಅದಕ್ಕೆ ಮೊದಲು ಅವರ ಉಸ್ತುವಾರಿಯಲ್ಲಿದ್ದದ್ದು ಬೀದಿನಾಯಿಗಳು.

"ಮೇಡಂ, ಹಮ್ ತೋ ಪೂರೇ ತಯ್ಯಾರ್ ಹೈಂ. ಬುಜುರ್ಗ್ ಹೀ ತಯ್ಯಾರ್ ನಹೀಂ ಹೈಂ!" ಎಂದು ಅವರು ನಮ್ಮ ಸೊಸೈಟಿಯ ಗೇಟಿನಲ್ಲಿ ನಿಂತು ಗೋಳಾಡಿದರು. ತಾವು ಸಂಪೂರ್ಣ ಸಿದ್ಧ, ಹಿರಿಯರೇ ಸಿದ್ಧರಿಲ್ಲ ಎಂಬುದು ಅವರ ದೂರು. ಬ್ಯಾನರ್ ಬಂದಿದೆ, ರ‍್ಯಾಂಪ್ ಕಟ್ಟಿಸಿದ್ದಾಗಿದೆ, ರಿಬ್ಬನ್ ಕತ್ತರಿಸಿದ್ದಾಗಿದೆ. ಒಳಗೆ ಕೂರಲು ಮುದುಕರು ಮಾತ್ರ ಸಿಗುತ್ತಿಲ್ಲ.

"ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ," ಎಂದೆ. ಅವರ ಮುಖ ಲಾಟರಿ ಹೊಡೆದವರ ಹಾಗೆ ಅರಳಿತು.

ಮಾವನವರನ್ನು ಒಪ್ಪಿಸಲು ನಾನು ದೊಡ್ಡ ಭಾಷಣವನ್ನೇ ಸಿದ್ಧಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಊಟಕ್ಕೆ ಕೂತಾಗ ವಿಷಯ ತೆಗೆದೆ. ಅವರು ಮಜ್ಜಿಗೆ ಕಲೆಸುತ್ತಾ ಪೂರ್ತಿ ಕೇಳಿಸಿಕೊಂಡು, "ಎಷ್ಟು ಗಂಟೆಗೆ ಹೋಗ್ಬೇಕಮ್ಮ?" ಎಂದಷ್ಟೇ ಕೇಳಿದರು. ಇಷ್ಟು ಸಲೀಸಾಗಿ ಒಪ್ಪಿದರಲ್ಲ, ಪಾಪ, ಒಬ್ಬರೇ ಇದ್ದು ಬೇಜಾರಾಗಿತ್ತೇನೋ ಅಂದುಕೊಂಡೆ.

ಮೊದಲ ದಿನ ಕತ್ತಿನವರೆಗೆ ಗುಂಡಿ ಹಾಕುವ ಬಂದ್‌ಗಲಾ ಕೋಟು ತೊಟ್ಟು, ಮೇಲೊಂದು ಮಂಕಿ ಕ್ಯಾಪು ಹಾಕಿಕೊಂಡು ಹೊರಟರು. ಕೇಂದ್ರ ಇದ್ದದ್ದು ಊರಿನ ಬಾರಾತ್‌ಘರ್‌ನಲ್ಲಿ. ಹಗಲು ಮೂರು ಗಂಟೆಯವರೆಗೆ ಅದು ಮುದುಕರದ್ದು, ಆಮೇಲೆ ಮದುವೆಗಳದ್ದು. ಇಲ್ಲಿನವರ ಮದುವೆ ರಾತ್ರಿ ಹೊತ್ತು ನಡೆಯುವುದರಿಂದ ಈ ಏರ್ಪಾಟು ಕಾಗದದ ಮೇಲೆ ಚೆನ್ನಾಗಿಯೇ ಕಂಡಿರಬೇಕು. ನಾವು ಹೋದಾಗ ಬಾಗಿಲ ಮೇಲೆ "ವರಿಷ್ಠ ನಾಗರಿಕ ದೇಖಭಾಲ್ ಕೇಂದ್ರ" ಎಂಬ ಬ್ಯಾನರಿತ್ತು, ಅದರ ಕೆಳಗೆ ಥರ್ಮೊಕೋಲಿನಲ್ಲಿ ಕೊರೆದ "ರೋಹಿತ್ ವೆಡ್ಸ್ ಪೂಜಾ" ಇತ್ತು.

ರ‍್ಯಾಂಪ್ ನೋಡಿ ಮಾವನವರು ಬಾಗಿಲಲ್ಲೇ ನಿಂತರು. ಅದು ಮಾಳಿಗೆ ಹತ್ತುವ ಏಣಿಯಷ್ಟು ಕಡಿದಾಗಿತ್ತು. ಗಾಲಿಕುರ್ಚಿಯನ್ನು ಅದರ ಮೇಲೆ ಬಿಟ್ಟರೆ ನೇರ ಮುಖ್ಯರಸ್ತೆಗೆ ಹೋಗಿ ನಿಲ್ಲುವಂತಿತ್ತು. "ಇದನ್ನ ಯಾರಿಗೋಸ್ಕರ ಕಟ್ಟಿದಾರೆ?" ಎಂದರು. ಅದಕ್ಕೆ ಉತ್ತರ ಮಧ್ಯಾಹ್ನ ಸಿಕ್ಕಿತಂತೆ. ಸಂಜೆಯ ಮೆರವಣಿಗೆಗೆಂದು ಮುಂಚಿತವಾಗಿ ತಂದ ಮದುಮಗನ ಬಿಳಿ ಘೋಡಿ ಒಂದೇ ಉಸಿರಿಗೆ ಆ ರ‍್ಯಾಂಪ್ ಹತ್ತಿ, ವರಾಂಡದ ಬಿಸಿಲಲ್ಲಿ ನಿಂತು ಕಣ್ಣುಮುಚ್ಚಿತು. ಆಮೇಲೆ ಇಡೀ ಸೀಸನ್ನು ಬೇರೆ ಬೇರೆ ಮದುವೆಗೆ ಬಂದರೂ ಅದು ಅಲ್ಲೇ ನಿಲ್ಲುತ್ತಿತ್ತು. ಊರಿನ ಸಿದ್ಧತೆಯಿಂದ ಮೊದಲು ಪ್ರಯೋಜನ ಪಡೆದದ್ದು ಆ ಹೆಣ್ಣು ಕುದುರೆ.

ಒಳಗೆ ಆಡಳಿತ ಕೊಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಕಡಿಮೆ ಬೆಲೆಗೆ ಸಿಕ್ಕವೋ ಏನೋ, ನರ್ಸರಿ ಶಾಲೆಯ ಮಕ್ಕಳಿಗೆ ಹೇಳಿ ಮಾಡಿಸಿದ ಎತ್ತರ. ಅದರಲ್ಲಿ ಕೂತ ಮುದುಕರು ಮೇಲೇಳಲು ಇನ್ನಿಬ್ಬರು ಬೇಕು. ಆದರೆ ಬಾಡಿಗೆಗೆ ಸಾಮಾನು ಕೊಡುವ ಟೆಂಟ್ ಹೌಸಿನವರು ಬಿಟ್ಟುಹೋದ ಮದುವೆ ಸೋಫಾಗಳು ಗೋಡೆಗೆ ಒರಗಿಸಿದ್ದವು. ಕೆಂಪು ವೆಲ್ವೆಟ್ಟು, ಚಿನ್ನದ ಬಣ್ಣದ ಕೈ, ಬೆನ್ನಿಗೆ ನವಿಲು. ಸೊಂಟ ಮುರಿದವರಿಗೆ ಡಾಕ್ಟರು ಹೇಳುವ ಸರಿಯಾದ ಎತ್ತರ ಅದಕ್ಕಿತ್ತು. ಮಾವನವರು ಒಂದು ಸುತ್ತು ಹಾಕಿ ಎಲ್ಲ ಆಸನಗಳನ್ನೂ ಪರೀಕ್ಷಿಸಿ, ವಧೂವರರ ದೊಡ್ಡ ಸಿಂಹಾಸನದಲ್ಲಿ ವರನ ಬದಿಗೆ ಕೂತರು. ಉಳಿದವರು ಬೀಗರ ಸೋಫಾಗಳನ್ನು ಹಂಚಿಕೊಂಡರು.

ವಧುವಿನ ಬದಿಗೆ ಬಂದು ಕೂತವರು ಖನ್ನಾ ಆಂಟಿ. ಗಂಡ ತೀರಿಕೊಂಡ ಪಂಜಾಬಿ ಹೆಂಗಸು, ಮಂಡಿ ನೋವು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ನಗು. ಬೇರೆ ಯಾವ ಆಸನವೂ ತನಗೆ ಆಗುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ಮಾವನವರು ಸಂಕೋಚದಿಂದ ಸೋಫಾದ ತುದಿಗೆ ಸರಿದು, ನಡುವೆ ವಾಕರನ್ನು ಅಡ್ಡ ನಿಲ್ಲಿಸಿದರು. ಕೇಂದ್ರದ ಸಹಾಯಕಿ ಸುನೀತಾ ಆ ದೃಶ್ಯದ ಫೋಟೋ ತೆಗೆದು ನನಗೆ ಕಳಿಸಿದಳು. ನಾನು ಅದನ್ನು ಅದಿತಿಗೆ ಕಳಿಸಿದೆ. ಆ ಸಂಜೆ ಅವಳು ವೀಡಿಯೊ ಕಾಲ್ ಮಾಡಿ, "ತಾತಾ! ಯೂ ಲುಕ್ ಲೈಕ್ ಏಕ್‌ದಮ್ ದೂಲ್ಹಾ! ಮತ್ತೆ ಆ ಆಂಟಿ ಯಾರು, ಬತಾವೋ ನಾ?" ಎಂದು ಮದುಮಗನನ್ನು ಕಾಡುವ ಹಾಗೆ ಕಾಡಿದಳು.

"ಅವರು ಸಹ ಫಲಾನುಭವಿ," ಎಂದರು ಮಾವನವರು, ಗಂಭೀರವಾಗಿ.

ದಿನಗಳು ಹೀಗೆ ಸಾಗಿದವು. ನಾನು ಬೆಳಗ್ಗೆ ಇ-ರಿಕ್ಷಾದಲ್ಲಿ ಅವರನ್ನು ಬಿಟ್ಟು ಆಫೀಸಿಗೆ ಹೋಗುತ್ತಿದ್ದೆ. ಮೂರು ಗಂಟೆಗೆ ಸುನೀತಾ ಮನೆಗೆ ಕರೆತಂದು, ಕೆಳಗಿನ ಮನೆಯ ಶರ್ಮಾ ಅವರ ಬಳಿ ಚದುರಂಗಕ್ಕೆ ಕೂರಿಸಿ ಹೋಗುತ್ತಿದ್ದಳು. ಸಂಜೆ ಬಂದರೆ ದಿನದ ವರದಿ ಸಿದ್ಧವಾಗಿರುತ್ತಿತ್ತು. ಕಕ್ಕಸಿನ ಬಾಗಿಲಿಗೆ ಚಿಲಕ ಹೊರಗಡೆಯಿದೆ, ಒಳಗಡೆಯಿಲ್ಲ. ವ್ಯಾಯಾಮ ಕಲಿಸಲು ಬಂದ ಹುಡುಗ ಮದುವೆಯ ಡಿಜೆ, ಸ್ಪೀಕರ್ ಪರೀಕ್ಷಿಸಲು ಬಂದವನು ಹಾಗೇ ಇವರನ್ನೂ ಕೈಯೆತ್ತಿಸಿ ಕುಣಿಸಿದ. ಚಹಾದಲ್ಲಿ ಸಕ್ಕರೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಡಬ್ಬಿಗೆ ಹಾಕಿಕೊಟ್ಟ ಬಿಸಿಬೇಳೆಬಾತನ್ನು ಖನ್ನಾ ಆಂಟಿ ಅರ್ಧ ತಿಂದು "ಮೂರ್ತಿ ಸಾಹಬ್ ಕೀ ಖಿಚಡಿ" ಎಂದು ಎಲ್ಲರ ಮುಂದೆ ಹೊಗಳಿದರು.

"ಖಿಚಡಿಯಂತೆ!" ಎಂದು ಅವರು ಎರಡು ದಿನ ಕುದ್ದರು.

ನನಗೆ ಒಳಗೊಳಗೇ ಸಂತೋಷ. ಬಿದ್ದ ಮೇಲೆ ಮಾತೇ ಬಿಟ್ಟಿದ್ದ ಮನುಷ್ಯ ಈಗ ಊಟ ಮುಗಿಯುವವರೆಗೂ ದೂರು ಹೇಳುತ್ತಾರೆ. ಸರ್ಕಾರಿ ಅಧಿಕಾರಿಗೆ ತಪ್ಪು ಹುಡುಕುವುದಕ್ಕಿಂತ ದೊಡ್ಡ ಸುಖ ಯಾವುದಿದೆ? ಮಾವನವರಿಗೆ ಕೇಂದ್ರ ಹಿಡಿಸಿದೆ, ನನ್ನ ನೌಕರಿ ಉಳಿಯಿತು ಎಂದು ನಾನು ನೆಮ್ಮದಿಯಾಗಿ ಮೆಟ್ರೋದಲ್ಲಿ ತೂಕಡಿಸತೊಡಗಿದೆ.

ಡಿಸೆಂಬರಿನ ನಡುವೆ ಧನುರ್ಮಾಸ ಬಂತು. ಇಲ್ಲಿನವರೂ ಆ ತಿಂಗಳು ಮದುವೆ ಮಾಡುವುದಿಲ್ಲ. ಟೆಂಟ್ ಹೌಸಿನವರು ಸೋಫಾಗಳನ್ನು ಒಯ್ದರು. ಮುದುಕರೆಲ್ಲ ಮತ್ತೆ ನರ್ಸರಿ ಕುರ್ಚಿಗಳಿಗೆ ಇಳಿದರು. ಹೊರಗೆ ಮಂಜು, ಒಳಗೆ ಒಂದೇ ಹೀಟರು, ಅದೂ ಕರೆಂಟು ಇದ್ದಾಗ. ಆ ತಿಂಗಳು ಮಾವನವರು ದೂರನ್ನೂ ಹೇಳಲಿಲ್ಲ. ಬೆಳೆದ ಹೆಣ್ಣುಮಕ್ಕಳ ತಂದೆ ಕೂಡ ಅಷ್ಟು ಆತಂಕದಿಂದ ಪಂಚಾಂಗ ನೋಡಿರಲಿಕ್ಕಿಲ್ಲ. ಸಂಕ್ರಾಂತಿ ಯಾವಾಗ, ಮುಹೂರ್ತ ಯಾವಾಗ ಎಂದು ಇಡೀ ಕೇಂದ್ರ ಲೆಕ್ಕ ಹಾಕುತ್ತಿತ್ತು. ಸಂಕ್ರಾಂತಿಗೆ ನಾನು ಎಳ್ಳುಬೆಲ್ಲ ಕಟ್ಟಿಕೊಟ್ಟೆ. ಖನ್ನಾ ಆಂಟಿ ಅದನ್ನು ಬಾಯಿಗೆ ಹಾಕಿಕೊಂಡು, "ಇನ್ನು ಮದುವೆ ಶುರು!" ಎಂದು ಕೈ ತಟ್ಟಿದರಂತೆ.

ಸೋಫಾ ಬಂದದ್ದರ ಹಿಂದೆಯೇ ಸುದ್ದಿಯೂ ಬಂತು. ಲಖನೌ ತಂಡ ಮುಂದಿನ ವಾರ ಬರುತ್ತದೆ, ಮನೆಯವರೂ ಹಾಜರಿರಬೇಕು. ನಾನು ಆ ದಿನ ಬೆಳಗಿನ ಅರ್ಧ ದಿನ ರಜೆ ಹಾಕಿದೆ. ನನ್ನ ಹತ್ತಿರ ಉಳಿದಿದ್ದ ರಜೆ ಅದೇ ಹೆಚ್ಚುಕಡಿಮೆ ಕೊನೆಯದು. ಆ ವಾರವೆಲ್ಲ ನನಗೆ ನಿದ್ದೆ ಬರಲಿಲ್ಲ. ತಂಡ ಬೇಡ ಎಂದರೆ ಮಾವನವರು ಮತ್ತೆ ಆ ಖಾಲಿ ಮನೆಗೆ, ನಾನು ಅವರ ಹಿಂದೆ.

ತ್ಯಾಗಿಜಿ ಗೋಡೆಗೆ ಸುಣ್ಣ ಹೊಡೆಸಿದರು. ಬೆಂಕಿ ಆರಿಸುವ ಕೆಂಪು ಸಿಲಿಂಡರು ತಂದು ನೇತುಹಾಕಿದರು. ಹಿರಿಯರಿಗೆಲ್ಲ ಒಂದೇ ಬಣ್ಣದ ಮಫ್ಲರು ಹಂಚಿದರು. ಅವರು ಮಾಡಿದ ತಪ್ಪು ಒಂದೇ. ಆ ದಿನ ರಾತ್ರಿಗೆ ಒಂದು ಮದುವೆ ಬುಕ್ ಆಗಿತ್ತು. ಮಂಜು ಹೆಚ್ಚಾಗಿದೆ, ದೂರದ ನೆಂಟರು ಕತ್ತಲಲ್ಲಿ ವಾಪಸು ಹೋಗುವುದು ಹೇಗೆ ಎಂದು ಹುಡುಗಿಯ ಮನೆಯವರು ಮದುವೆಯನ್ನು ಹಗಲಿಗೆ ತಂದುಕೊಂಡರು. ಅದನ್ನು ತ್ಯಾಗಿಜಿಗೆ ಹೇಳಿಯೂ ಇದ್ದರು. ತಪಾಸಣೆಯ ಗಡಿಬಿಡಿಯಲ್ಲಿ ಅವರು ಅದಕ್ಕೂ "ಹೋ ಜಾಯೇಗಾ", ಆಗುತ್ತೆ ಬಿಡಿ, ಎಂದುಬಿಟ್ಟಿದ್ದರು.

ಹತ್ತು ಗಂಟೆಗೆ ಬರಬೇಕಾಗಿದ್ದ ತಂಡ ಮಂಜಿನಲ್ಲಿ ಹೆದ್ದಾರಿಯ ಮೇಲೆ ಎಲ್ಲೋ ಸಿಕ್ಕಿಕೊಂಡಿತು. ನಾವು ಮಫ್ಲರ್ ಸುತ್ತಿಕೊಂಡು ಕಾಯುತ್ತಾ ಕೂತೆವು. ಹನ್ನೊಂದಕ್ಕೆ ಹುಡುಗಿ ಕಡೆಯವರು ಬಂದರು. ಚೆಂಡುಹೂವು, ಕಡಾಯಿ, ಪುರೋಹಿತ, ಎಲ್ಲ ಒಳಗೆ ನುಗ್ಗಿದವು. ತ್ಯಾಗಿಜಿ ಕೈಮುಗಿದು ಹೊರಗೆ ನಿಲ್ಲಿ ಎನ್ನುತ್ತಿದ್ದರು, ಹುಡುಗಿಯ ತಂದೆ ಕೈಮುಗಿದು ಒಳಗೆ ಬಿಡಿ ಎನ್ನುತ್ತಿದ್ದರು. ಅಷ್ಟರಲ್ಲಿ ಬ್ಯಾಂಡಿನ ಸದ್ದು ಕೇಳಿಸಿತು. ಗಂಡಿನ ದಿಬ್ಬಣ ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟಿತ್ತು. ಉತ್ತರ ಭಾರತದ ಇತಿಹಾಸದಲ್ಲೇ ಬಾರಾತು ಬೇಗ ಬಂದದ್ದು ಅದೊಂದೇ ಸಲ ಇರಬೇಕು.

ಈಗ ಹುಡುಗಿಯ ತಂದೆ ಬೆವರತೊಡಗಿದರು. ಬಾಗಿಲಲ್ಲಿ ಮಿಲ್ನಿ ಆಗಬೇಕು. ಎರಡೂ ಕಡೆಯ ಸರಿಸಮ ನೆಂಟರು ಎದುರುಬದುರು ನಿಂತು ಹಾರ ಹಾಕಿ ತಬ್ಬಿಕೊಳ್ಳುವ ಶಾಸ್ತ್ರ ಅದು. ಸೋದರಮಾವನಿಗೆ ಸೋದರಮಾವ, ಚಿಕ್ಕಪ್ಪನಿಗೆ ಚಿಕ್ಕಪ್ಪ. ಎಲ್ಲಕ್ಕೂ ಮೊದಲು ಅಜ್ಜನಿಗೆ ಅಜ್ಜ. ಗಂಡಿನ ಅಜ್ಜ ಕರ್ನಾಲಿನಿಂದ ಬಂದವರು, ಬಾಗಿಲು ತುಂಬುವ ಆಳು, ಗುಲಾಬಿ ಪೇಟ ಸುತ್ತಿ ಹಾರ ಹಿಡಿದು ನಿಂತುಬಿಟ್ಟಿದ್ದರು. ಹೆಣ್ಣಿನ ಅಜ್ಜನ ಕಾರು ಅಂಬಾಲಾದ ಆಚೆ ಮಂಜಿನಲ್ಲಿತ್ತು. ಕಾಯಿಸಿದರೆ ಗಂಡಿನ ಕಡೆಯವರಿಗೆ ಅವಮಾನ, ಬಿಟ್ಟು ಮುಂದೆ ಹೋದರೆ ಇನ್ನೂ ದೊಡ್ಡ ಅವಮಾನ.

ಹುಡುಗಿಯ ತಂದೆ ಸುತ್ತ ನೋಡಿದರು. ಸಿಂಹಾಸನದ ಮೇಲೆ ಬಂದ್‌ಗಲಾ ಕೋಟಿನಲ್ಲಿ, ನೆಟ್ಟಗೆ, ಗಂಭೀರವಾಗಿ ಕೂತ ಒಬ್ಬ ವೃದ್ಧರು ಕಣ್ಣಿಗೆ ಬಿದ್ದರು.

"ಮೂರ್ತಿ ಸಾಹಬ್, ಉಠಿಯೇ! ಬೇಟೀ ಕೀ ಇಜ್ಜತ್ ಕಾ ಸವಾಲ್ ಹೈ," ಎಂದು ಖನ್ನಾ ಆಂಟಿ, ಹುಡುಗಿಯ ಮಾನ ಉಳಿಸಲು ಏಳಲೇಬೇಕು ಎನ್ನುವ ಹಾಗೆ, ಅವರ ವಾಕರನ್ನು ಮುಂದೆ ತಳ್ಳಿಯೇಬಿಟ್ಟರು.

"ನಾನು ಏನ್ಮಾಡ್ಬೇಕು?" ಮಾವನವರು ನನ್ನನ್ನು ಕೇಳಿದರು.

"ಹಾರ ಹಾಕಿ ತಬ್ಬಿಕೊಳ್ಳಬೇಕಂತೆ ಮಾವ. ಹುಡುಗಿ ಅಜ್ಜನ ಬದಲಿಗೆ."

"ಆಫಿಶಿಯೇಟಿಂಗ್," ಎಂದರು ಅವರು, ಅರ್ಥವಾದವರ ಹಾಗೆ. ಎದ್ದರು.

ಮಿಲ್ನಿಯಲ್ಲಿ ಇನ್ನೊಂದು ಸಂಪ್ರದಾಯ ಇದೆ, ಅದನ್ನು ಯಾರೂ ನಮಗೆ ಹೇಳಿರಲಿಲ್ಲ. ತಬ್ಬಿಕೊಂಡವರು ಪ್ರೀತಿ ಹೆಚ್ಚಾಗಿ ಒಬ್ಬರನ್ನೊಬ್ಬರು ಎತ್ತಿಬಿಡುತ್ತಾರೆ. ಯಾರು ಎತ್ತುತ್ತಾರೋ ಅವರ ಕಡೆ ಗೆದ್ದ ಹಾಗೆ. ಮಾವನವರು ಹಾರ ಹಾಕಿದರು. ಕರ್ನಾಲಿನ ಅಜ್ಜ "ಓಯೇ!" ಎಂದು ಗುಡುಗಿ ಎರಡೂ ತೋಳಿನಿಂದ ಬಳಸಿ, ಅವರನ್ನು ನೆಲದಿಂದ ಮೇಲೆತ್ತಿದರು. ಸೊಂಟದಲ್ಲಿ ಸ್ಟೀಲು ಕೂರಿಸಿದ ಮನುಷ್ಯ! ಮಂಕಿ ಕ್ಯಾಪು ಒಂದು ಕಣ್ಣಿಗೆ ಇಳಿದಿತ್ತು, ಕಾಲುಗಳು ಗಾಳಿಯಲ್ಲಿದ್ದವು, ಬ್ಯಾಂಡಿನವರು ಹುರುಪಿನಿಂದ ಬಾರಿಸುತ್ತಿದ್ದರು. ಜೀವಮಾನದಲ್ಲಿ ಎಂಥ ಮೇಲಧಿಕಾರಿಗೂ ನಮಸ್ಕಾರಕ್ಕಿಂತ ಹೆಚ್ಚಿಗೆ ಸಲಿಗೆ ಕೊಡದ ಅಂಡರ್ ಸೆಕ್ರೆಟರಿ ಆ ಎತ್ತರದಿಂದ ತಣ್ಣಗೆ, "ಕೈಂಡ್ಲಿ ಪುಟ್ ಮಿ ಡೌನ್," ಎಂದರು.

ಅದೇ ಗಳಿಗೆಯಲ್ಲಿ ಲಖನೌ ತಂಡ ಒಳಗೆ ಬಂತು. ಅವರ ಕಾರು ದಿಬ್ಬಣದ ಹಿಂದೆ ಸಿಕ್ಕಿಕೊಂಡಿತ್ತಂತೆ. ರ‍್ಯಾಂಪಿನ ಮೇಲೆ ಘೋಡಿ ನಿಂತಿದ್ದರಿಂದ ದಿಬ್ಬಣದ ಜೊತೆಯೇ ಮೆಟ್ಟಿಲು ಹತ್ತಿದ್ದರು. ಮುಂದಾಳು ಶ್ರೀವಾಸ್ತವ ಮೇಡಂ, ನನ್ನ ವಯಸ್ಸಿನವರೇ. ಹುಡುಗಿ ಕಡೆಯವರು ಅವರಿಗೂ ಪನ್ನೀರು ಚಿಮುಕಿಸಿ, ಹಣೆಗೆ ತಿಲಕ ಇಟ್ಟು, ಕೈಗೊಂದು ಬಾದಾಮಿ ಹಾಲಿನ ಲೋಟ ಕೊಟ್ಟಿದ್ದರು. ಅವರು ಆ ಲೋಟ ಹಿಡಿದು, ಗಾಳಿಯಲ್ಲಿದ್ದ ಮಾವನವರನ್ನೂ ಅವರ ಪಕ್ಕದಲ್ಲಿ ವಾಕರ್ ಹಿಡಿದು ನಿಂತ ಸುನೀತಾಳನ್ನೂ ನೋಡುತ್ತಾ ನಿಂತರು.

ತ್ಯಾಗಿಜಿಯ ಬಣ್ಣ ಸುಣ್ಣಕ್ಕಿಂತ ಬಿಳಿಯಾಗಿತ್ತು. ಆದರೂ ಅನುಭವಸ್ಥರು. "ಮೇಡಂ, ಯೇ ಹಮಾರಾ ಸೋಶಿಯಲೈಸೇಶನ್ ಪ್ರೋಗ್ರಾಂ ಹೈ," ಎಂದರು.

ಮೇಡಂ ನಗಲಿಲ್ಲ. ಎಲ್ಲ ನೋಡಿದರು. ಬೆಂಕಿ ಆರಿಸುವ ಸಿಲಿಂಡರು ಮಂಟಪದ ಪರದೆಯ ಹಿಂದೆ ಸಿಕ್ಕಿತು. ಕಕ್ಕಸಿಗೆ ಹೋಗಿ ಬಂದರು. ಹಿರಿಯರು ಸುಸ್ತಾದರೆ ಮಲಗುವ ಮಂಚ ಎಲ್ಲಿ ಎಂದರೆ, ಅದರ ಮೇಲೆ ಜಿಲೇಬಿ ಆರುತ್ತಿತ್ತು. ಪ್ರತಿಯೊಂದಕ್ಕೂ ಏನೋ ಬರೆದುಕೊಂಡರು. ನಾನು ಗೋಡೆಗೆ ಒರಗಿ ನಿಂತೆ. ಮುಗಿಯಿತು ಕಥೆ ಅನ್ನಿಸಿತು.

ಕೊನೆಗೆ ಅವರು ಸಿಂಹಾಸನದ ಹತ್ತಿರ ಬಂದರು. ಮಾವನವರು ಅಷ್ಟರಲ್ಲಿ ಸ್ವಸ್ಥಾನಕ್ಕೆ ಮರಳಿ, ಕೊರಳಲ್ಲಿ ಹಾರ, ತೊಡೆಯ ಮೇಲೆ ಗಂಡಿನ ಕಡೆಯವರು ಹೊದಿಸಿದ ಉಣ್ಣೆಯ ಕಂಬಳಿ ಇಟ್ಟುಕೊಂಡು ಕೂತಿದ್ದರು. ಮೇಡಂ ವಧುವಿನ ಬದಿಗೆ ಕೂತು, ಇಂಗ್ಲಿಷಿನಲ್ಲಿ ವಿನಯದಿಂದಲೇ ಕೇಳಿದರು, "ಸರ್, ನಿಮಗೆ ಈ ಕೇಂದ್ರ ಇಷ್ಟವಾಗಿದೆಯೇ?"

ನಾನು ಮಾವನವರ ಮುಖವನ್ನೇ ನೋಡಿದೆ. ಒಂದು ಹೂಂ ಅಂದರೆ ಸಾಕಿತ್ತು.

"ಇಲ್ಲ," ಎಂದರು ಮಾವನವರು. "ಒಂದು ಚೂರೂ ಇಲ್ಲ."

ತ್ಯಾಗಿಜಿ ಕಣ್ಣು ಮುಚ್ಚಿಕೊಂಡರು. ಮಾವನವರು ಶಾಂತವಾಗಿ ಎಲ್ಲವನ್ನೂ ಹೇಳಿದರು. ರ‍್ಯಾಂಪು, ಚಿಲಕ, ಚಹಾ, ಡಿಜೆ, ಒಂದು ತಿಂಗಳು ನಡುಗಿದ್ದು, ಎಲ್ಲ. ಮೊದಲ ದಿನದಿಂದ ಇಲ್ಲಿ ತನಗೆ ಮನಸ್ಸಿಲ್ಲ, ತನಗೆ ಬೇಕಾದದ್ದು ತನ್ನ ಕೋಣೆ, ತನ್ನ ರೇಡಿಯೋ, ತನ್ನ ಕಿಟಕಿ ಎಂದರು. ಸಂಜೆ ಸಂಜೆ ನಾನು ಸುಖ ಅಂದುಕೊಂಡು ಕೇಳಿಸಿಕೊಂಡದ್ದೆಲ್ಲ ನಿಜವಾದ ದೂರುಗಳೇ ಆಗಿದ್ದವು.

"ಹಾಗಾದರೆ ದಿನಾ ಯಾಕೆ ಬರುತ್ತೀರಿ? ಸುನೀತಾ ಹೇಳುವ ಪ್ರಕಾರ ನೀವು ಒಂದು ದಿನವೂ ತಪ್ಪಿಸಿಲ್ಲ."

ಮಾವನವರು ಇದೇನು ಪ್ರಶ್ನೆ ಅನ್ನುವ ಹಾಗೆ ಅವರನ್ನು ನೋಡಿ, ನನ್ನತ್ತ ಕೈ ತೋರಿಸಿದರು.

"ನಾನು ಮನೆಯಲ್ಲಿ ಕೂತರೆ ನನ್ನ ಸೊಸೆ ನೌಕರಿ ಬಿಡಬೇಕಾಗುತ್ತದೆ, ಮೇಡಂ. ನನ್ನ ಸರ್ವಿಸು ಮುಗಿದಿದೆ, ಅವಳದ್ದು ಇನ್ನೂ ಇದೆ. ಒಳ್ಳೆಯ ಕೆಲಸಗಾರ್ತಿ. ಅದಕ್ಕೆ ಬರುತ್ತೇನೆ. ಬಂದವರಿಗೆ ಜಾಗ ಇಷ್ಟವಾಗಲೇಬೇಕು ಎಂದು ಎಲ್ಲೂ ನಿಯಮ ಇಲ್ಲವಲ್ಲ? ಕೇಂದ್ರ ಕೆಟ್ಟದಾಗಿದೆ. ಮುಚ್ಚಬೇಡಿ."

ಮೇಡಂ ಪೆನ್ನು ಎತ್ತಿದವರು ಬರೆಯಲಿಲ್ಲ. ಹಣೆಯ ತಿಲಕ ಒಣಗಿ ಮೂಗಿನ ಮೇಲೆ ಉದುರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನನ್ನ ಕಡೆ ತಿರುಗಿ, "ನಮ್ಮಮ್ಮ ಕಾನ್ಪುರದಲ್ಲಿದ್ದಾರೆ. ಹಗಲು ಒಬ್ಬರೇ," ಎಂದರು ಹಿಂದಿಯಲ್ಲಿ. ಆಮೇಲೆ ಎದ್ದು ತ್ಯಾಗಿಜಿಯನ್ನು ಹೆಸರು ಹಿಡಿದು ಕರೆದು, ಚಿಲಕ ನಾಳೆಯೇ ಒಳಗಡೆ ಬರಬೇಕು ಎಂದು ಗದರಿಸಿದರು. ಅವರ ವರದಿ ಬಂದದ್ದು ಹೋಳಿಯ ಹೊತ್ತಿಗೆ. ಊರು ಸಿದ್ಧವಾಗಿಲ್ಲ, ಆದರೆ ಕೇಂದ್ರ ಬೇಕೇ ಬೇಕು, ಆದ್ದರಿಂದ ಮುಂದುವರಿಸಬೇಕು ಎಂದಿತ್ತು. ಅದರ ನಂತರವೂ ಮಾವನವರು ಎರಡು ಚಳಿಗಾಲ ಅಲ್ಲಿಗೆ ಹೋದರು.

ಆದರೆ ಆ ಮಧ್ಯಾಹ್ನ ಇದೇನೂ ಗೊತ್ತಿರಲಿಲ್ಲ. ತಂಡ ಹೊರಟ ಮೇಲೆ ನಾನು ಮಾವನವರ ಎದುರು ನಿಂತೆ. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಎದುರಿಗೆ ಹೊಗಳಿದವರಲ್ಲ. "ಮಾವ, ಸಾಕು, ಮನೆಗೆ ಹೋಗೋಣ ಬನ್ನಿ," ಎಂದೆ.

ಅವರು ಕೋಟಿನ ತೋಳು ಸರಿಸಿ ವಾಚು ನೋಡಿದರು.

"ಮನೆಗೆ ಯಾಕೆ? ನೀನು ಹಾಕಿರೋದು ಅರ್ಧ ದಿನದ ರಜಾ ಅಲ್ವೇನಮ್ಮ? ಈಗ ಹೊರಟ್ರೆ ಎರಡು ಗಂಟೆಗೆ ಸೀಟಿನಲ್ಲಿರ್ತೀಯ. ನಾನು ಮೂರರವರೆಗೂ ಇಲ್ಲೇ ಇರ್ತೀನಿ. ಹೋಗು, ಹೋಗು. ತಡಮಾಡ್ಬೇಡ."

ಖನ್ನಾ ಆಂಟಿ ನನ್ನ ಕೈಗೊಂದು ಲಾಡು ತುರುಕಿದರು. ಯಾರೋ ತಲೆಯ ಮೇಲೆ ಗುಲಾಬಿ ಎಸಳು ಎರಚಿದರು. ಆ ದಿನ ಆ ಬಾರಾತ್‌ಘರ್‌ನಿಂದ, ಮದುಮಗಳಿಗಿಂತ ಮೊದಲು ಬಿಕ್ಕಿ ಬಿಕ್ಕಿ ಅಳುತ್ತಾ ಹೊರಟವಳು ನಾನು, ಆಫೀಸಿಗೆ.